ಕುಮಟಾ ಕಡೆಯ ಕಡಲೂರಿನಲ್ಲಿ ಎರಡು ರಾತ್ರಿ: ಹೇಗೆ ಹೋಗಬೇಕು, ಏನನ್ನು ಬಿಡಬೇಕು

ಪ್ರಶ್ನೆ: ನಾವು ಬೆಂಗಳೂರಿನವರು. ನಾನು, ಹೆಂಡತಿ, ಆರು ವರ್ಷದ ಮಗಳು, 66 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೆ ತೊಂದರೆ ಇಲ್ಲ. ಕಳೆದ ವರ್ಷ ಕಾರಿನಲ್ಲಿ ಹೋಗಿ ಮೂರೇ ದಿನದಲ್ಲಿ ಗೋಕರ್ಣ, ಮುರ್ಡೇಶ್ವರ, ಜೋಗ ಎಲ್ಲ ಮುಗಿಸಿ, ಹೋದಾಗಿನದಕ್ಕಿಂತ ಹೆಚ್ಚು ದಣಿದು ಬಂದೆವು. ಈ ಸಲ ಜನವರಿ ಕೊನೆಗೋ ಫೆಬ್ರವರಿಗೋ ಗದ್ದಲವಿಲ್ಲದ ಒಂದು ಕಡಲತೀರದ ಹಳ್ಳಿಯಲ್ಲಿ ಸುಮ್ಮನೆ ಇದ್ದು ಬರಬೇಕೆಂದಿದ್ದೇವೆ. ಯಾವ ಊರು, ಎಷ್ಟು ದಿನ, ಏನೇನು ತಯಾರಿ ಬೇಕು?

ಉತ್ತರ: ಒಂದೇ ಊರು, ಒಂದೇ ಮನೆ. ಎರಡು ರಾತ್ರಿ ಅಲ್ಲಿ, ಹೋಗುವ ಮತ್ತು ಬರುವ ಎರಡು ರಾತ್ರಿ ರೈಲಿನಲ್ಲಿ. ಕಾರು ಬೇಡ. ಕಾರು ಬಾಗಿಲಲ್ಲಿ ನಿಂತಿದ್ದರೆ ಎರಡನೆಯ ದಿನ ಬೆಳಗ್ಗೆ ಯಾರಾದರೊಬ್ಬರು "ಇಷ್ಟು ದೂರ ಬಂದಿದ್ದೀವಿ, ಯಾಣ ನೋಡ್ಕೊಂಡು ಬರೋಣ" ಎಂದೇ ಅನ್ನುತ್ತಾರೆ. ಅಲ್ಲಿಗೆ ವಿಶ್ರಾಂತಿ ಮುಗಿಯಿತು. ಬೆಂಗಳೂರಿನಿಂದ ಆ ಕರಾವಳಿಗೆ ಐನೂರು ಕಿ.ಮೀ. ಹತ್ತಿರದ ದಾರಿ, ನಡುವೆ ಘಟ್ಟ. ಎರಡೂ ಕಡೆ ಓಡಿಸಿದವರಿಗೆ ಮೂರು ದಿನದಲ್ಲಿ ಒಂದೂವರೆ ದಿನ ಸ್ಟೇರಿಂಗ್ ಹಿಂದೆಯೇ ಹೋಗುತ್ತದೆ.

ಊರಿನ ವಿಷಯಕ್ಕೆ ಬರೋಣ. ಗೋಕರ್ಣದ ಕುಡ್ಲೆ ಮತ್ತು ಓಂ ತೀರಗಳು ಚೆಂದವೇ, ಆದರೆ ಎರಡಕ್ಕೂ ಗುಡ್ಡದಿಂದ ಇಳಿಯಬೇಕು. ಅಮ್ಮನ ಮಂಡಿ ಮೊದಲ ಸಂಜೆಯೇ ಸೋಲುತ್ತದೆ, ವಾರಾಂತ್ಯದಲ್ಲಂತೂ ಅಲ್ಲಿ ಮೌನ ಸಿಗದು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಿಕೊಂಡು ಮುಂದೆ ಹೋಗಲು ಅದಕ್ಕೆ ಸಾಟಿಯಿಲ್ಲ. ತಂಗಿದರೆ ಮಾತ್ರ ರಾತ್ರಿಯಿಡೀ ಲಾರಿಗಳ ಸದ್ದು. ದಡಕ್ಕೆ ಕಲ್ಲು ಪೇರಿಸಿರುವುದರಿಂದ ಮಗು ಮರಳಲ್ಲಿ ಆಡುವ ಜಾಗವೂ ಅದಲ್ಲ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಈ ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಸಿಕ್ಕಿತು. ಶೌಚಾಲಯ, ಸ್ನಾನದ ವ್ಯವಸ್ಥೆ, ಕಾವಲಿನವರು ಎಲ್ಲ ಇರುವ ತೀರಗಳು. ಮಗಳು ನೀರಿಗಿಳಿಯಲೇಬೇಕು ಎಂದಿದ್ದರೆ ಇವೇ ಸರಿ, ಆದರೆ ಇವು ಹಗಲು ಹೊತ್ತಿನ ತೀರಗಳು, ಹಳ್ಳಿಯಲ್ಲ.

ನಿಮಗೆ ನಾನು ಹೇಳುವುದು ಕುಮಟಾ ತಾಲೂಕಿನ ಬಾಡ, ಕಾಗಾಲ, ಅಘನಾಶಿನಿ ಈ ಸಾಲಿನ ಊರುಗಳನ್ನು. ಕುಮಟಾ ಪೇಟೆಯಿಂದ ಆಟೋದಲ್ಲೇ ಮುಟ್ಟಬಹುದಾದಷ್ಟು ದೂರ, ಹೆದ್ದಾರಿಯ ಸದ್ದು ಕೇಳಿಸದಷ್ಟು ಒಳಗೆ. ಕೆಂಪು ಮುರಕಲ್ಲಿನ ಗುಡ್ಡಗಳು ಕಡಲಿಗೇ ಇಳಿದು ಬರುತ್ತವೆ, ಎರಡು ಗುಡ್ಡಗಳ ನಡುವೆ ಒಂದೊಂದು ಮರಳದಂಡೆ. ಕಾಗಾಲದಲ್ಲಿ ಗಾಳಿಮರದ ತೋಪಿನ ಪಕ್ಕ ಉದ್ದಕ್ಕೆ ಚಾಚಿದ ಸಪಾಟು ದಂಡೆ ಇದೆ, ಮಂಡಿನೋವಿನವರು ನಡೆಯಲು ಇಂಥದ್ದೇ ಬೇಕು. ಅಘನಾಶಿನಿ ಊರಿನ ಬಳಿ ನದಿ ಕಡಲು ಸೇರುತ್ತದೆ, ಆಚೆ ದಡ ತದಡಿ. ಈ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ನೀರು ಇಳಿದಾಗ ಬಳಚು (ಚಿಪ್ಪುಮೀನು) ಹೆಕ್ಕುವವರು, ಇವೆಲ್ಲ ದಂಡೆಯಲ್ಲಿ ಕೂತೇ ಕಾಣುವಂಥವು.

ಅಮ್ಮನಿಗೆ ಹೃದಯದ ತೊಂದರೆ ಇದ್ದಿದ್ದರೆ ಸಲಹೆ ಬೇರೆಯಾಗುತ್ತಿತ್ತು. ಉತ್ತರ ಕನ್ನಡದವರೇ ದೊಡ್ಡ ಕಾಯಿಲೆಗೆ ಮಣಿಪಾಲವನ್ನೋ ಮಂಗಳೂರನ್ನೋ ಹುಡುಕಿಕೊಂಡು ಹೋಗಬೇಕು. ಅಂಥವರು ಮಲ್ಪೆಯ ಉತ್ತರಕ್ಕೆ, ಸುವರ್ಣಾ ನದಿಗೂ ಕಡಲಿಗೂ ನಡುವಿನ ಪಟ್ಟಿಯಲ್ಲಿರುವ ಕೋಡಿ ಬೆಂಗ್ರೆಯನ್ನು ಆರಿಸಿಕೊಳ್ಳಲಿ. ಊರು ಅಷ್ಟೇ ಸದ್ದಿಲ್ಲದ್ದು, ಮಣಿಪಾಲ ಹತ್ತಿರ.

ದಿನ ಗೊತ್ತುಮಾಡುವಾಗ ರಜೆಯ ಪಟ್ಟಿಯ ಜೊತೆಗೆ ಪಂಚಾಂಗವನ್ನೂ ತೆಗೆಯಿರಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸು ಭರತ (ಕಡಲ ನೀರಿನ ಏರಿಕೆ) ಬರುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಸುಮಾರಿಗೆ. ಹಾಗಾಗಿ ಇಳಿತ ಬೀಳುವುದು ಬೆಳಗಿನ ಜಾವ ಮತ್ತು ಸಂಜೆ. ನೀವು ದಂಡೆಯಲ್ಲಿ ಇರಬಯಸುವ ಹೊತ್ತಿಗೇ ನೀರು ಹಿಂದೆ ಸರಿದು, ಒದ್ದೆಯಾಗಿ ಗಟ್ಟಿಯಾದ ಅಗಲ ಮರಳು ಬಿಟ್ಟುಕೊಡುತ್ತದೆ. ಅಮ್ಮನಿಗೆ ಈ ಗಟ್ಟಿ ಮರಳೇ ರಸ್ತೆ. ಸಡಿಲ ಒಣಮರಳಲ್ಲಿ ನೂರು ಹೆಜ್ಜೆ ಇಟ್ಟರೆ ಮಂಡಿ ದೂರು ಹೇಳುತ್ತದೆ. ಅಷ್ಟಮಿಯ ಹತ್ತಿರ ಹೋದರೆ ಲೆಕ್ಕ ತಿರುಗಿ, ಸಂಜೆಯ ಹೊತ್ತಿಗೇ ನೀರು ಮೇಲೇರಿ ದಂಡೆ ಕಿರಿದಾಗುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಹುಣ್ಣಿಮೆಯ ಹಿಂದು-ಮುಂದಿನ ಎರಡು ದಿನಗಳೊಳಗೆ ಎಲ್ಲಿ ಹೊಂದಿಸಿಕೊಂಡರೂ ನಡೆಯುತ್ತದೆ. ಬೆಳದಿಂಗಳು ಲಾಭ.

ತಪ್ಪಿಸಬೇಕಾದ ದಿನಗಳು: ಜನವರಿ 26ಕ್ಕೆ ಅಂಟಿಕೊಂಡ ಉದ್ದ ವಾರಾಂತ್ಯ ಮತ್ತು ಶಿವರಾತ್ರಿ. ಶಿವರಾತ್ರಿಗೆ ಗೋಕರ್ಣದಲ್ಲಿ ಜಾತ್ರೆ, ಅದರ ನೂಕುನುಗ್ಗಲು ಕುಮಟಾವರೆಗೂ ಮುಟ್ಟುತ್ತದೆ. ಮಂಗಳವಾರ ಸಂಜೆ ಹೊರಟು ಶನಿವಾರ ಬೆಳಗ್ಗೆ ಬೆಂಗಳೂರಿಗೆ ಮರಳಿದರೆ ಬುಧ, ಗುರು, ಶುಕ್ರ ಮೂರು ಹಗಲು ಸಿಗುತ್ತವೆ, ಭಾನುವಾರ ಬಟ್ಟೆ ಒಗೆಯಲು ಉಳಿಯುತ್ತದೆ. ಮಗಳಿಗೆ ಮೂರು ದಿನ ಶಾಲೆ ತಪ್ಪುತ್ತದೆ, ಒಂದನೇ ತರಗತಿಯಲ್ಲಿ ಅದೇನೂ ದೊಡ್ಡ ನಷ್ಟವಲ್ಲ.

ರೈಲು ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ಸಂಜೆ ಹೊರಟು ಮರುದಿನ ಬೆಳಗ್ಗೆ ಕುಮಟಾ ಮುಟ್ಟಿಸುತ್ತದೆ, ವಾಪಸು ಬರುವುದೂ ಕುಮಟಾದಿಂದ ಸಂಜೆಯೇ. ಈಗ ಮುಂಗಡ ಕಾಯ್ದಿರಿಸುವಿಕೆ ತೆರೆಯುವುದು 60 ದಿನ ಮೊದಲು. ಆ ದಿನ ಬೆಳಗ್ಗೆಯೇ ಹೋಗುವ ಟಿಕೆಟ್ ತೆಗೆದುಬಿಡಿ, ವಾಪಸಿನದನ್ನು ಅದರದೇ 60 ದಿನ ಲೆಕ್ಕ ಹಾಕಿ ಮೂರು ದಿನ ಬಿಟ್ಟು ತೆಗೆಯಿರಿ. ಇಲ್ಲಿ ಹೆಚ್ಚಿನವರು ಎಡವುವ ಒಂದು ಕಡೆ ಇದೆ. ನಾಲ್ವರಿಗೂ ಒಂದೇ ಟಿಕೆಟ್ ತೆಗೆದರೆ ಅಮ್ಮನಿಗೆ ಕೆಳಗಿನ ಬರ್ತ್ ಸಿಗುವ ಖಾತ್ರಿ ಇಲ್ಲ. ಹಿರಿಯರ ಲೋವರ್ ಬರ್ತ್ ಕೋಟಾ ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರು ಹಿರಿಯರಷ್ಟೇ ಇದ್ದಾಗ ಅನ್ವಯಿಸುತ್ತದೆ. ಆದ್ದರಿಂದ ಅಮ್ಮನ ಟಿಕೆಟ್ ಬೇರೆಯಾಗಿ ಆ ಕೋಟಾದಲ್ಲಿ ತೆಗೆಯಿರಿ, ನಿಮ್ಮ ಮೂವರದು ಬೇರೆ. ಒಂದೇ ಬೋಗಿಯಲ್ಲಿ ದೂರ ದೂರ ಬಿದ್ದರೆ ಒಳಗೆ ಹೋಗಿ ಮಾತಾಡಿ ಬದಲಿಸಿಕೊಳ್ಳುವುದು ಸುಲಭ, ಕೆಳಗಿನ ಬರ್ತ್ ಗಿಟ್ಟಿಸುವುದು ಸುಲಭವಲ್ಲ. ಮಗಳಿಗೆ ಐದು ದಾಟಿರುವುದರಿಂದ ಅವಳದೇ ಬರ್ತ್ ಬೇಕೆಂದರೆ ಪೂರ್ತಿ ದರ. ಅರ್ಧ ದರ ಕೊಟ್ಟರೆ ಬರ್ತ್ ಇಲ್ಲ. ಅರ್ಧ ದರ ಸಾಕು, ಅಮ್ಮನ ಪಕ್ಕ ಮಲಗುತ್ತಾಳೆ ಎಂದು ಲೆಕ್ಕ ಹಾಕಬೇಡಿ, ಬೆಳಗ್ಗೆ ಇಬ್ಬರಿಗೂ ನಿದ್ದೆ ಆಗಿರುವುದಿಲ್ಲ. ಕೊನೆಗೆ ತತ್ಕಾಲ್ ಗತಿಯಾದರೆ, ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಮೊದಲೇ ಆಗಿರಬೇಕು.

ಬೆಳಗ್ಗೆ ಇಳಿಯುವಾಗ ಗಡಿಬಿಡಿ ಬೇಡ ಎಂದರೆ ಒಂದು ಗುರುತು: ರೈಲು ಎರಡು ಕಿ.ಮೀ.ಗೂ ಉದ್ದದ ಶರಾವತಿ ಸೇತುವೆ ದಾಟುತ್ತದೆ. ಚಕ್ರದ ಸದ್ದು ಬದಲಾಗಿ ಬಹಳ ಹೊತ್ತು ಹಾಗೇ ಇರುವುದರಿಂದ ನಿದ್ದೆಯಲ್ಲೂ ಗೊತ್ತಾಗುತ್ತದೆ. ಆಮೇಲೆ ಹೊನ್ನಾವರ, ಅದರಾಚೆ ಕುಮಟಾ. ಸೇತುವೆಯ ಹೊತ್ತಿಗೆ ಹೊದಿಕೆ ಮಡಚಿದರೆ ಸಾಕು. ಕುಮಟಾದಲ್ಲಿ ರೈಲು ನಿಲ್ಲುವ ಹೊತ್ತು ಕಡಿಮೆ, ಅಮ್ಮನನ್ನು ಮೊದಲೇ ಬಾಗಿಲ ಬಳಿ ಕರೆತನ್ನಿ.

ಮನೆ ಗೊತ್ತುಮಾಡುವಾಗ ಫೋಟೊ ನೋಡಿ ದುಡ್ಡು ಕಟ್ಟಬೇಡಿ, ಫೋನ್ ಮಾಡಿ ಮಾತಾಡಿ. ನೀವು ಬೆಳಗ್ಗೆ ಮುಟ್ಟುತ್ತೀರಿ, ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ. ಹೊರಡುವ ದಿನ 11ಕ್ಕೆ ಖಾಲಿ ಮಾಡಿ ಅಂತಾರೆ, ನಿಮ್ಮ ರೈಲು ಸಂಜೆ. ಎರಡೂ ತುದಿಯಲ್ಲಿ ಸೇರಿ ಹತ್ತು ಗಂಟೆಗೂ ಮಿಕ್ಕು ಹೊತ್ತು ನೀವು ಸಾಮಾನಿನ ಜೊತೆ ಬೀದಿಯಲ್ಲಿ. ಚಿಕ್ಕ ಪ್ರವಾಸಗಳು ಕೆಡುವುದು ಬಹುಪಾಲು ಇಲ್ಲೇ. "ಅಕ್ಕ, ಬುಧವಾರ ಬೆಳಗ್ಗೆ ರೈಲಿಗೆ ಬರ್ತೀವಿ, ಬಂದ ತಕ್ಷಣ ರೂಮು ಬೇಕು. ಶುಕ್ರವಾರ ಸಂಜೆವರೆಗೂ ಒಂದು ರೂಮು ನಮಗೇ ಇರಲಿ, ಅದಕ್ಕೆ ಎಷ್ಟು ಸೇರಿಸ್ಬೇಕು ಹೇಳಿ" ಎಂದು ನೇರ ಕೇಳಿ. ವಾರದ ನಡುವೆ ಮನೆ ಖಾಲಿ ಇರುವುದರಿಂದ ಅರ್ಧ ದಿನದ ದುಡ್ಡಿಗೆ ಒಪ್ಪುವವರೇ ಹೆಚ್ಚು. ಒಪ್ಪಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಉಳಿದ ಪ್ರಶ್ನೆಗಳೂ ಇದೇ ಫೋನಿನಲ್ಲಿ ಮುಗಿಯಲಿ. ಕೋಣೆ ನೆಲಮಹಡಿಯೇ? ಕಮೋಡ್ ಇದೆಯೇ? ಮನೆಯಿಂದ ಮರಳಿಗೆ ಎಷ್ಟು ಮೆಟ್ಟಿಲು? (ಎಷ್ಟು ದೂರ ಎಂದು ಕೇಳಿದರೆ "ಇಲ್ಲೇ ಹತ್ರ" ಅನ್ನುತ್ತಾರೆ. ಆ ಇಲ್ಲೇ ಹತ್ತಿರದಲ್ಲಿ ಒಂದು ಗುಡ್ಡ ಅಡಗಿರಬಹುದು.) ಕರೆಂಟು ಹೋದರೆ ಇನ್ವರ್ಟರ್ ಫ್ಯಾನನ್ನೂ ಎಳೆಯುತ್ತದೆಯೋ, ಬರೀ ದೀಪವೋ? ಸೊಳ್ಳೆಪರದೆ ಉಂಟೇ? ಬಾವಿ ನೀರು ಸವುಳೋ ಸಿಹಿಯೋ? ಫೆಬ್ರವರಿಯಲ್ಲಿ ಹೆಚ್ಚಿನ ಬಾವಿಗಳು ಚೆನ್ನಾಗಿರುತ್ತವೆ. ಬೇಸಿಗೆ ಬಲಿತಂತೆ ದಂಡೆಯ ಹತ್ತಿರದ ಬಾವಿಗೆ ಉಪ್ಪು ಏರಿ ಸಾಬೂನು ನೊರೆಯೇ ಬರುವುದಿಲ್ಲ. ಕೊನೆಯದಾಗಿ, ಅವತ್ತು ಬೇರೆ ಯಾರಾದರೂ ದೊಡ್ಡ ಗುಂಪು ಬರುತ್ತಿದೆಯೇ ಎಂದು ಕೇಳಿ. ನಾಲ್ಕು ಕೋಣೆಯ ಮನೆಯಲ್ಲಿ ಮೂರನ್ನು ಹನ್ನೆರಡು ಜನ ಗೆಳೆಯರು ಹಿಡಿದಿದ್ದರೆ ಕಡಲಿನ ಸದ್ದು ನಿಮಗೆ ಕೇಳಿಸದು.

ದಿನಚರಿಯನ್ನು ಬಿಸಿಲು ಬರೆದುಕೊಡುತ್ತದೆ. ಆ ತಿಂಗಳು ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಕಡಲು ಪಶ್ಚಿಮಕ್ಕಿರುವುದರಿಂದ ಹಿಂದಿನ ಗುಡ್ಡ, ತೆಂಗಿನ ನೆರಳು ದಂಡೆಯ ಮೇಲೆ ಇನ್ನೂ ಒಂದು ಗಂಟೆ ಬಿದ್ದಿರುತ್ತದೆ. ಏಳರಿಂದ ಒಂಬತ್ತು ನಡೆಯಲು, ಮರಳಲ್ಲಿ ಆಡಲು ಅತ್ಯುತ್ತಮ ಹೊತ್ತು. ಗಾಳಿ ಇಲ್ಲ, ಅಲೆ ಸಣ್ಣದು. ಮೀನುಗಾರರು ದೋಣಿ ದಡಕ್ಕೆ ತರುವುದನ್ನೋ ದಂಡೆಯಿಂದ ಬಲೆ ಎಳೆಯುವುದನ್ನೋ ಮಗಳು ನೋಡಬಹುದು. ಬಲೆಯ ಹಗ್ಗವನ್ನು ದಾಟಬೇಡಿ, ಸುತ್ತಿ ಹೋಗಿ. ಹತ್ತರಿಂದ ನಾಲ್ಕರವರೆಗೆ ಜಗುಲಿ, ಊಟ, ನಿದ್ದೆ. ಹನ್ನೊಂದರ ಮೇಲೆ ಕಡಲಗಾಳಿ ಬೀಸತೊಡಗಿ ನೀರು ಕದಡುತ್ತದೆ, ಹಾರುವ ಮರಳು ಕಣ್ಣಿಗೆ. ನಾಲ್ಕೂವರೆಗೆ ಮತ್ತೆ ದಂಡೆ, ಸೂರ್ಯ ಮುಳುಗುವುದು ಆರೂವರೆ ಹೊತ್ತಿಗೆ. ಮುಳುಗಿದ ಕೂಡಲೇ ಎಲ್ಲರೂ ಎದ್ದು ಹೊರಡುತ್ತಾರೆ, ನೀವು ಇಪ್ಪತ್ತು ನಿಮಿಷ ಕೂತಿರಿ. ಆಕಾಶದ ಬಣ್ಣ ತುಂಬಿಕೊಳ್ಳುವುದು ಆಗ. ಒಂದು ಟಾರ್ಚ್ ಜೇಬಿನಲ್ಲಿರಲಿ. ಟಾರ್ಚ್ ನೆಲಕ್ಕೆ ಮಾತ್ರ. ಚಳಿಗಾಲದ ಈ ತಿಂಗಳುಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ರಾತ್ರಿ ನಮ್ಮ ದಂಡೆಗಳಿಗೆ ಬರುತ್ತವೆ, ಬೆಳಕು ಮತ್ತು ಬೆಂಕಿ ಅವನ್ನು ದಿಕ್ಕು ತಪ್ಪಿಸುತ್ತದೆ. ಕ್ಯಾಂಪ್‌ಫೈರ್ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ.

ಹೊರಗೆ ಹೋಗಲೇಬೇಕು ಅನ್ನಿಸಿದರೆ ಒಂದೇ ಒಂದು, ಅದೂ ಎರಡನೆಯ ದಿನ ಬೆಳಗ್ಗೆ: ಅಘನಾಶಿನಿಯಿಂದ ತದಡಿಗೆ ದಾಟುವ ದೋಣಿ. ಆಚೆ ಇಳಿದು ಮೀನು ಬಂದರು ನೋಡಿ, ಚಾ ಕುಡಿದು, ಮುಂದಿನ ದೋಣಿಗೆ ವಾಪಸು. ಕೊನೆಯ ದೋಣಿ ಎಷ್ಟೊತ್ತಿಗೆ ಎಂದು ಹತ್ತುವ ಮೊದಲೇ ಕೇಳಿ. ಮಿರ್ಜಾನ್ ಕೋಟೆ, ಯಾಣ ಇನ್ನೊಂದು ಸಲಕ್ಕೆ.

ಈಗ ನೀರಿನ ವಿಷಯ. ಹಳ್ಳಿಯ ದಂಡೆಯಲ್ಲಿ ಕಾವಲಿನವರು ಇರುವುದಿಲ್ಲ. ಹಾಗಾಗಿ ನಿಯಮ ಸರಳ: ಮಗಳಿಗೆ ಅವಳ ಮಂಡಿಯವರೆಗೆ, ಕೈ ಹಿಡಿದು. ದೊಡ್ಡವರಿಗೆ ಸೊಂಟದವರೆಗೆ. ಈಜು ಬಲ್ಲೆ ಎನ್ನುವುದು ಇಲ್ಲಿ ವಾದವಲ್ಲ. ಕೊಳದಲ್ಲಿ ಈಜಿದವರೇ ಧೈರ್ಯ ಮಾಡಿ ಸಿಕ್ಕಿಬೀಳುತ್ತಾರೆ. ದಡಕ್ಕೆ ಬಂದ ಅಲೆಯ ನೀರೆಲ್ಲ ಎಲ್ಲೋ ಒಂದು ಕಡೆಯಿಂದ ಕಡಲಿಗೆ ಮರಳಬೇಕಲ್ಲ, ಆ ದಾರಿಯೇ ಸೆಳೆತ. ಎರಡೂ ಬದಿ ಅಲೆ ಒಡೆದು ಬಿಳಿ ನೊರೆ ಇರುವಾಗ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಾಗಿ ನುಣುಪಾಗಿ ಕಂಡರೆ ಅದು ಶಾಂತ ಜಾಗವಲ್ಲ, ಸೆಳೆತದ ಬಾಯಿ. ಮಗುವನ್ನು ಆಡಿಸಲು ಜನ ಆರಿಸುವುದು ಅದನ್ನೇ. ಗುಡ್ಡ ಕಡಲಿಗೆ ಚಾಚಿದ ಬಂಡೆಯ ಬುಡದಲ್ಲಿ ಇಂಥದ್ದು ಹೆಚ್ಚು. ಇಳಿಯುವ ಮೊದಲು ಹತ್ತು ನಿಮಿಷ ಎತ್ತರದಲ್ಲಿ ನಿಂತು ನೋಡಿ, ಒಂದು ತೆಂಗಿನ ಗರಿಯೋ ನೊರೆಯೋ ಯಾವ ಕಡೆ ತೇಲುತ್ತದೆ ಎಂಬುದೇ ಸಾಕು. ಸಿಕ್ಕಿಕೊಂಡರೆ ದಡದ ಕಡೆಗೆ ಈಜಬಾರದು. ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ಹೊರಬರಬೇಕು, ಇಲ್ಲವೇ ಕೈ ಎತ್ತಿ ಕೂಗಬೇಕು.

ನದಿ ಕಡಲು ಸೇರುವ ಅಳಿವೆಯಲ್ಲಂತೂ ಕಾಲನ್ನೂ ಇಡಬೇಡಿ, ಮೇಲೆ ಎಷ್ಟೇ ತಿಳಿಯಾಗಿ ಕಂಡರೂ. ಇಳಿತದ ಹೊತ್ತಿಗೆ ಇಡೀ ಹಿನ್ನೀರು ಆ ಒಂದು ಬಾಗಿಲಿನಿಂದ ಹೊರಗೆ ನುಗ್ಗುತ್ತದೆ, ತಳದ ಮರಳು ದಿನದಿನಕ್ಕೆ ಜಾಗ ಬದಲಿಸುತ್ತದೆ. ಬಂಡೆಯ ಮೇಲೆ ಹತ್ತಿ ಫೋಟೊ ತೆಗೆಯುವುದೂ ಇದೇ ಲೆಕ್ಕಕ್ಕೆ. ಒದ್ದೆಯಾಗಿ ಹಸಿರು-ಕಪ್ಪಾಗಿ ಕಾಣುವ ಬಂಡೆಯವರೆಗೆ ಅಲೆ ಬರುತ್ತದೆ ಎಂದೇ ಅರ್ಥ.

ಆಳವಿಲ್ಲದ ನೀರಿನಲ್ಲಿ ಕಾಲನ್ನು ಎತ್ತಿ ಇಡದೆ ಉಜ್ಜುತ್ತ ನಡೆಯಿರಿ, ಮರಳಲ್ಲಿ ಹುದುಗಿದ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಇದ್ದರೆ ತಾನೇ ಸರಿದು ಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿಯ ನೀರಿನಲ್ಲಿ ಕಾಲನ್ನು ಅರ್ಧ ಗಂಟೆಗೂ ಮೇಲೆ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆಗೆ ತೋರಿಸಲೇಬೇಕು. ಜೆಲ್ಲಿ ಮೀನು ತಾಗಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ಮೆಲ್ಲಗೆ ತೆಗೆಯಿರಿ. ಉಸಿರಾಟದಲ್ಲಿ ತೊಂದರೆ ಕಂಡರೆ ತಡಮಾಡದೆ 108. ಸತ್ತು ದಂಡೆಗೆ ಬಿದ್ದದ್ದೂ ಚುರುಗುಟ್ಟಿಸುತ್ತದೆ, ಮಗಳಿಗೆ ಮುಟ್ಟಬೇಡ ಎಂದು ಮೊದಲ ದಿನವೇ ಹೇಳಿಡಿ.

ಊಟಕ್ಕೆ ಹೊರಗೆ ಹುಡುಕುತ್ತ ಹೋಗಬೇಡಿ. ಇಂಥ ಊರುಗಳಲ್ಲಿ ಹೋಟೆಲು ಇದ್ದರೂ ರಾತ್ರಿ ಬೇಗ ಮುಚ್ಚುತ್ತದೆ. ಇಳಿದುಕೊಂಡ ಮನೆಯಲ್ಲೇ ಮೂರು ಹೊತ್ತಿಗೂ ಹೇಳಿ, ಆದರೆ ಹಿಂದಿನ ರಾತ್ರಿಯೇ ಹೇಳಬೇಕು. ಮೀನು ಬರುವುದು ಬೆಳಗ್ಗೆ, ಮನೆಯವರು ಕೊಳ್ಳುವುದೂ ಆಗಲೇ. ಹನ್ನೊಂದಕ್ಕೆ ಎದ್ದು ನೊಗ್ಲಿ (ಮಂಗಳೂರು ಕಡೆಯವರ ಕಾಣೆ ಮೀನು) ಬೇಕು ಎಂದರೆ ಪೇಟೆಯ ಐಸಿನದೇ ಗತಿ. ಇದೇ ಮೀನು ಬೇಕು ಎನ್ನುವ ಬದಲು "ಇವತ್ತು ದಡಕ್ಕೆ ಏನು ಬಂದಿದ್ಯೋ ಅದು" ಎಂದರೆ ಬಂಗುಡೆಯೋ ತಾರ್ಲೆಯೋ, ತಾಜಾ ಸಿಗುತ್ತದೆ, ಅಗ್ಗವೂ ಹೌದು. ಮಗಳಿಗೆ ಮುಳ್ಳು ಕಡಿಮೆಯ ನೊಗ್ಲಿ. ಬಳಚು ಮತ್ತು ಸೀಗಡಿ ಮೊದಲ ಸಲ ತಿನ್ನುವವರಿದ್ದರೆ ಸ್ವಲ್ಪವೇ ತಿಂದು ನೋಡಲಿ, ವಾಪಸಿನ ರೈಲಿನ ದಿನವಂತೂ ಬೇಡ. ಅಮ್ಮ ಸಸ್ಯಾಹಾರಿಯಾದರೆ ಇನ್ನೂ ಒಳ್ಳೆಯದು: ತಂಬುಳಿ, ಅಪ್ಪೆಹುಳಿ, ಕುಚ್ಚಲಕ್ಕಿ ಗಂಜಿ. ಮಧ್ಯಾಹ್ನ ಮುರುಗಲು ಪಾನಕ ಕೇಳಿ ಮಾಡಿಸಿಕೊಳ್ಳಿ. ಒಂದೇ ಒಲೆಯಲ್ಲಿ ಮೀನು ಮತ್ತು ಸಸ್ಯಾಹಾರ ಮಾಡುವುದು ಅಮ್ಮನಿಗೆ ಆಗದಿದ್ದರೆ ಮುಜುಗರ ಪಡದೆ ಮೊದಲೇ ಕೇಳಿ. ಮೀನು ಮಾಡದ ಮನೆಗಳೂ ಅಲ್ಲಿ ಸಾಕಷ್ಟಿವೆ.

ಚೀಲಕ್ಕೆ ಏನು ಎಂದು ಕೇಳುವವರು ಯಾವಾಗಲೂ ಹೆಚ್ಚೇ ತುಂಬುತ್ತಾರೆ. ತಲೆಗೆ ಎರಡು ಜೊತೆ ತೆಳು ಹತ್ತಿ ಬಟ್ಟೆ, ನೀರಿಗಿಳಿಯಲು ಬೇಗ ಒಣಗುವ ಒಂದು ಜೊತೆ, ಟೋಪಿ, ರಬ್ಬರ್ ಚಪ್ಪಲಿ. ಜೀನ್ಸ್ ಬೇಡ, ಆ ಹಸಿಗಾಳಿಯಲ್ಲಿ ಎರಡು ದಿನವಾದರೂ ಒಣಗದು. ಹತ್ತು ಅಡಿ ನೈಲಾನ್ ಹಗ್ಗ, ಐದಾರು ಕ್ಲಿಪ್ಪು. ಓಆರ್‌ಎಸ್ ನಾಲ್ಕು ಪೊಟ್ಟಣ (ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ ಒಂದು), ಮಗಳ ಜ್ವರದ ಔಷಧಿ, ಸೊಳ್ಳೆಗೆ ಹಚ್ಚುವ ಮುಲಾಮು, ಅಮ್ಮನ ಮಾತ್ರೆ ಎರಡು ದಿನಕ್ಕೆ ಹೆಚ್ಚುವರಿ, ಮಂಡಿಪಟ್ಟಿ. ಅಮ್ಮನಿಗೆ ಕೂರಲು ಮಡಚುವ ಸಣ್ಣ ಸ್ಟೂಲು. ಇದೊಂದನ್ನು ಮಾತ್ರ ಮರೆಯಬೇಡಿ, ಮರಳ ಮೇಲೆ ಕೂತು ಏಳುವುದೇ ಮಂಡಿಗೆ ಎಲ್ಲಕ್ಕಿಂತ ಕಷ್ಟ. ಒಂದು ಡಬ್ಬಿ ಟಾಲ್ಕಂ ಪೌಡರ್ ಕೂಡ: ಮರಳು ಅಂಟಿದ ಕಾಲಿಗೆ ಉದುರಿಸಿ ಬಟ್ಟೆಯಿಂದ ಒರೆಸಿದರೆ ನೀರಿಲ್ಲದೆ ಉದುರುತ್ತದೆ, ಹಾಸಿಗೆ ಉಳಿಯುತ್ತದೆ.

ನಗದು ಕುಮಟಾ ಪೇಟೆಯಲ್ಲೇ ತೆಗೆದುಕೊಂಡು ಹೋಗಿ. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯದು. ಮನೆಯ ಬಾಕಿ, ಆಟೋ, ದೋಣಿ, ಎಳನೀರು ಎಲ್ಲಕ್ಕೂ ಆಗುವಷ್ಟು, ಅದರಲ್ಲಿ ಒಂದಿಷ್ಟು ಚಿಲ್ಲರೆ. ಆಟೋದವರಿಗೆ ಹತ್ತುವ ಮೊದಲು ಊರಿನ ಹೆಸರಿನ ಜೊತೆ ಮನೆಯವರ ಹೆಸರನ್ನೂ ಹೇಳಿ ದರ ಒಪ್ಪಿಕೊಳ್ಳಿ. "ಬೀಚ್" ಎಂದಷ್ಟೇ ಹೇಳಿದರೆ ಇನ್ನೊಂದು ದಂಡೆಗೆ ಒಯ್ದು ಇಳಿಸಿಯಾರು. ಬಂದಾಗ ಕರೆತಂದವರ ನಂಬರ್ ಇಟ್ಟುಕೊಂಡು ವಾಪಸಿಗೂ ಅವರನ್ನೇ ಗೊತ್ತುಮಾಡಿ. ಸಂಜೆ ಹೊತ್ತಿಗೆ ಹಳ್ಳಿಯಲ್ಲಿ ಖಾಲಿ ಆಟೋ ನಿಂತಿರುವುದಿಲ್ಲ.

ಶುಕ್ರವಾರ ಬೆಳಗ್ಗೆಯ ನಂತರ ನೀರಿಗಿಳಿಯುವುದು ಬೇಡ, ಒದ್ದೆ ಬಟ್ಟೆ ಹೊತ್ತು ರೈಲು ಹತ್ತಬೇಕಾಗುತ್ತದೆ. ಹನ್ನೊಂದರೊಳಗೆ ಎಲ್ಲ ಒಗೆದು ಹಗ್ಗಕ್ಕೆ ಹಾಕಿದರೆ ಮೂರಕ್ಕೆ ಗರಿಗರಿ. ಮಧ್ಯಾಹ್ನ ಊಟ, ಒಂದು ನಿದ್ದೆ, ಸ್ನಾನ. ಮನೆಯವರಿಗೆ ಹೇಳಿ ರಾತ್ರಿಗೆ ಬುತ್ತಿ ಕಟ್ಟಿಸಿಕೊಳ್ಳಿ. ರೈಲು ಎಷ್ಟು ತಡ ಎಂದು ಹೊರಡುವ ಮೊದಲು ಫೋನಿನಲ್ಲಿ ನೋಡಿ. ತಡವಿದ್ದರೆ ಆ ಹೊತ್ತನ್ನು ನಿಲ್ದಾಣದಲ್ಲಿ ಕಳೆಯದೆ ಜಗುಲಿಯಲ್ಲೇ ಕಳೆಯಬಹುದು. ಕೋಣೆ ಸಂಜೆವರೆಗೂ ನಿಮ್ಮದೇ ಎಂದು ಬರೆಸಿಕೊಂಡಿದ್ದು ಇದಕ್ಕೇ.